ಮೋಟಾರಿಗೆ ಕೊಟ್ಟ ನಂಬರು

ನಾಗಭೂಷಣನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಅದು ಮನುಷ್ಯರ ಮೇಲೆ ತಿರುಗಿದ್ದು ಕಡಿಮೆ, ಅವನ ಜಗಳವೆಲ್ಲ ಫೋನಿನ ಜೊತೆ. ಹಿರಿಯೂರಿನಾಚೆ ವೇದಾವತಿ ದಂಡೆಯಲ್ಲಿ ತೆಂಗಿನ ತೋಟ ಇಟ್ಟುಕೊಂಡವನು, ಕಾಯಿ ವ್ಯಾಪಾರಕ್ಕೆಂದು ಕಂಡಕಂಡಲ್ಲಿ ನಂಬರು ಕೊಟ್ಟಿದ್ದ. ಅದರ ಫಲ ಬೆಳಗಾದರೆ ಶುರು. ಸಾಲ ಬೇಕಾ, ಸೈಟು ಬೇಕಾ, ನಿಮ್ಮ ಖಾತೆ ಬಂದ್ ಆಗುತ್ತೆ. ಬುಡಕ್ಕೆ ಗೊಬ್ಬರ ಹಾಕುವಾಗ ಒಂದು, ಬಾಯಿಗೆ ತುತ್ತಿಡುವಾಗ ಒಂದು. ಮೊದಮೊದಲು ಯಂತ್ರದ ದನಿಗೇ "ಲೇ, ನಾನು ಮಾತಾಡ್ತಿದೀನಿ, ನೀನು ನಿಲ್ಸು" ಎಂದು ಕೂಗಾಡಿ, ಹೆಂಡತಿ ಅನುಸೂಯ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ್ದ.

ಆಮೇಲೆ ಹಟಕ್ಕೆ ಬಿದ್ದು ಕಲಿತ. ಇಂಥ ಫೋನು ಬೇಡವೆಂದು 1909ಕ್ಕೆ ಮೆಸೇಜು ಕಳಿಸಿದ, ಕಂಡ ನಂಬರನ್ನೆಲ್ಲ ಬ್ಲಾಕ್ ಮಾಡಿದ. ಒಂದಷ್ಟು ಕಡಿಮೆಯಾಗಿ ಮತ್ತೆ ಬಂದವು. ಅಷ್ಟರಲ್ಲಿ ಊರಿನ ಟೀ ಅಂಗಡಿಯಲ್ಲಿ ಅವನೇ ದೊಡ್ಡ ಪಂಡಿತನಾಗಿಬಿಟ್ಟಿದ್ದ.

"ಗೊತ್ತಿಲ್ಲದ ನಂಬರ್ ಎತ್ತಲೇಬ್ಯಾಡ್ರಿ. ಮತ್ತೆ ಮತ್ತೆ ಮಾಡಿದ್ರೆ ಬ್ಲಾಕ್ ಮಾಡ್ರಿ. ಏನಾದ್ರೂ ಡೌಟ್ ಬಂದ್ರೆ ನನಗೊಂದು ಫೋನ್ ಹಚ್ರಿ."

ಪಕ್ಕದ ತೋಟದ ಹಿರಿಯ ಅಜ್ಜಪ್ಪ ಈ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ಕೊನೆಗೆ ಹೋದ ವಾರ ನಾಗಭೂಷಣ ಹೊಸ ಸಿಮ್ ತಗೊಂಡ. ಆ ನಂಬರನ್ನು ಹೆಂಡತಿಗೆ, ಸಿರಿಗೆರೆಯಲ್ಲಿ ಓದುವ ಮಗಳು ದಿವ್ಯಾಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಕೊಡಲಿಲ್ಲ. ಅದೇ ವಾರ ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದ. ಪೆಟ್ಟಿಗೆಯೊಳಗೆ ಒಂದು ಸಿಮ್ ಕೂರಿಸಿದರೆ ಸಾಕು, ಮನೆಯಿಂದಲೇ ಅದಕ್ಕೆ ಫೋನ್ ಮಾಡಿ ಮೋಟಾರು ಶುರು ಮಾಡಬಹುದು. ಹಳೇ ಸಿಮ್ಮನ್ನು ಅದಕ್ಕೆ ಹಾಕಿದ.

"ಇನ್ನು ಸಾಲ ಬೇಕಾ ಅಂತ ಮೋಟಾರನ್ನೇ ಕೇಳ್ಕಳ್ಲಿ" ಎಂದು ಎರಡು ದಿನ ನಕ್ಕಿದ್ದೇ ನಕ್ಕಿದ್ದು.

ಮೂರನೇ ದಿನದಿಂದ ಮೋಟಾರು ತನ್ನಷ್ಟಕ್ಕೆ ತಾನೇ ಓಡತೊಡಗಿತು. ಹಾಳು ಮಾಲು ಕೊಟ್ಟಿದ್ದಾನೆ ಎಂದು ಬೈದುಕೊಂಡು ಅವನು ಈ ದಿನ ಹಿರಿಯೂರಿಗೆ, ಸ್ಟಾರ್ಟರ್ ಮಾರಿದ ಮುರುಗೇಶನ ಅಂಗಡಿಗೇ ಹೋದ.

"ಯಾರ್ಯಾರ ನಂಬರ್ ಸೇರಿಸಿದೀರಿ ಅದಕ್ಕೆ?" ಎಂದು ಮುರುಗೇಶ ಕೇಳಿದ.

"ಯಾರದ್ದೂ ಇಲ್ಲ. ಸೇರಿಸಬೇಕಿತ್ತಾ?"

"ಅಯ್ಯೋ ಅಣ್ಣ, ಸೇರಿಸದಿದ್ರೆ ಯಾರ ಕಾಲ್ ಬಂದ್ರೂ ಮೋಟಾರ್ ಶುರುವಾಗ್ತೈತೆ. ಒಳಗಿರೋದು ಯಾವ ಸಿಮ್ಮು?"

ನಾಗಭೂಷಣನಿಗೆ ಬೆಳಗ್ಗೆ ಹೊರಡುವಾಗ ಅನುಸೂಯ ಹೇಳಿದ್ದು ನೆನಪಾಯಿತು: "ಬೋರಿನ ಹತ್ರ ಕೇಬಲ್ ಜಾಯಿಂಟ್ ಸುಟ್ಟೈತೆ ರೀ, ನೀವು ಬರೋದ್ರಾಗೆ ನಾನೇ ಕಟ್ಟಿರ್ತೀನಿ." ಅವಳಿಗೆ ಅದು ಹೊಸ ಕೆಲಸವಲ್ಲ. ಕೆಂಪು ಗುಂಡಿ ಒತ್ತುವುದು, ವೈರು ಹೆರೆದು ಹೊಸೆಯುವುದು, ಟೇಪು ಸುತ್ತುವುದು. ಹಳೇ ಸ್ಟಾರ್ಟರಿನಲ್ಲಿ ಕೆಂಪು ಗುಂಡಿ ಒತ್ತಿದರೆ ಮುಗಿಯಿತು, ಯಾರಾದರೂ ಬಂದು ಹಸಿರು ಒತ್ತುವ ತನಕ ಕರೆಂಟು ಹರಿಯುತ್ತಿರಲಿಲ್ಲ. ಈಗ ಆ ಹಸಿರು ಗುಂಡಿ ಊರೂರಿನ ಸಾಲದವರ ಕೈಯಲ್ಲಿತ್ತು.

ಅನುಸೂಯಳಿಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಅವಳು ಫೋನನ್ನು ಮನೆಯಲ್ಲೇ ಚಾರ್ಜಿಗಿಟ್ಟು ತೋಟಕ್ಕೆ ಹೋಗುವವಳು. ಹತ್ತಿರದಲ್ಲಿರುವವನು ಅಜ್ಜಪ್ಪ ಒಬ್ಬನೇ. ಅವನಿಗೆ ಮಾಡಿದ. ಒಂದು ರಿಂಗಿಗೆ ಕಟ್ ಆಯಿತು. ಮತ್ತೆ ಮಾಡಿದ, ಮತ್ತೆ ಕಟ್. ಆಮೇಲೆ ಕಾಲ್ ಹೋಗುವುದೇ ನಿಂತಿತು. ತನ್ನ ಹೊಸ ನಂಬರು ಅಜ್ಜಪ್ಪನಿಗೆ ಗೊತ್ತಿಲ್ಲ ಎಂಬುದು ಆಗ ಹೊಳೆಯಿತು.

"ನನ್ನದ್ರಿಂದ ಮಾಡ್ರಿ" ಎಂದು ಮುರುಗೇಶ ತನ್ನ ಫೋನು ಕೊಟ್ಟ. ಅದನ್ನೂ ಅಜ್ಜಪ್ಪ ಕಟ್ ಮಾಡಿದ.

"ಎತ್ತೋ ಮಾರಾಯ, ಎತ್ತೋ!" ಎಂದು ನಾಗಭೂಷಣ ಅಂಗಡಿಯಲ್ಲಿ ನಿಂತು ಕಿರುಚಿದ. ಊರವರೆಲ್ಲ ಕಣ್ಣು ಮುಚ್ಚಿ ಎತ್ತುವ ನಂಬರು ಅವನದೊಂದಿತ್ತು, ಅದು ಮೋಟಾರಿನ ಹೊಟ್ಟೆಯೊಳಗಿತ್ತು. ಅದಕ್ಕೆ ಈಗ ಅವನೇ ಫೋನ್ ಮಾಡಿದರೂ ಹೆಂಡತಿಯ ಜೀವಕ್ಕೆ ಸಂಚಕಾರ.

ಬೈಕು ಹತ್ತಿದವನಿಗೆ ಹೈವೇ ಹೇಗೆ ದಾಟಿದೆ ಎಂಬುದೇ ಗೊತ್ತಾಗಲಿಲ್ಲ. ಲಾರಿಯವನೊಬ್ಬ ಬೈದದ್ದು ಕಿವಿಗೆ ಬಿತ್ತು. ಯಾರೂ ಫೋನ್ ಮಾಡದಿರಲಿ, ಇದೊಂದು ಗಳಿಗೆ ನನ್ನನ್ನು ಎಲ್ಲರೂ ಮರೆತುಬಿಡಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡ. ತೋಟದ ತಿರುವಿಗೆ ಬಂದಾಗ ಪೈಪಿನ ಬಾಯಿ ಕಂಡಿತು. ನೀರು ದಬದಬನೆ ಸುರಿಯುತ್ತಿತ್ತು.

ಬೈಕು ಕೆಡವಿ ಓಡಿಹೋಗಿ ಫ್ಯೂಸು ಕಿತ್ತು ಎಸೆದು ತಿರುಗಿ ನೋಡಿದ. ಅನುಸೂಯ ತೆಂಗಿನ ಮರಕ್ಕೆ ಒರಗಿ ಕೂತಿದ್ದಳು. ಉಸಿರಾಡುತ್ತಿದ್ದಳು. ಬಲಗೈ ಬೆರಳು ಕಪ್ಪಗೆ ಸುಟ್ಟಿದ್ದವು. ಅಜ್ಜಪ್ಪ ಟವೆಲಿನಿಂದ ಗಾಳಿ ಬೀಸುತ್ತಿದ್ದ.

"ಎರಡು ವೈರಿಗೆ ಟೇಪ್ ಸುತ್ತಿದ್ದೆ ರೀ" ಎಂದಳು ಅವಳು, ತಪ್ಪು ತನ್ನದೇ ಎಂಬಂತೆ. "ಮೂರನೇದು ಹೊಸೆದಿದ್ದೆ, ಇನ್ನೂ ಕೈಯಾಗಿತ್ತು. ಎತ್ತಿ ಒಗೀತು."

"ದೇವರು ದೊಡ್ಡೋನು, ದೂರ ಬಿದ್ಲು" ಎಂದ ಅಜ್ಜಪ್ಪ. "ಯಾವನೋ ಒಬ್ಬ ಬಿಟ್ಟೂಬಿಡದಂಗೆ ಫೋನ್ ಮಾಡ್ತಿದ್ದ ಕಣಪ್ಪ. ಕಟ್ ಮಾಡ್ದೆ, ಬ್ಲಾಕ್ ಮಾಡ್ದೆ, ಇನ್ನೊಂದು ನಂಬರಿಂದ ಹಚ್ಚಿದ. ಏನ್ಮಾಡಾಣ ಅಂತ ಕೇಳಕ್ಕೆ ನಿನಗೇ ಫೋನ್ ಹಚ್ಚಿದೆ ನೋಡು, ಅಷ್ಟ್ರಾಗೆ ತಂಗಿ ಕಿರುಚಿಕೊಂಡ್ಲು."

ನಾಗಭೂಷಣ ಹೆಂಡತಿಯ ಪಕ್ಕದಲ್ಲಿ ಕೂತ. ಮೋಟಾರಿಗೆ ಫೋನ್ ಬಂದದ್ದು ಸಾಲದವರದ್ದಲ್ಲ, ಸೈಟಿನವರದ್ದಲ್ಲ; ಅಜ್ಜಪ್ಪನ ಬಳಿ ಇದ್ದದ್ದು ಆ ಹಳೇ ನಂಬರೇ.

"ಆ ಫೋನ್ ಮಾಡ್ದೋನು ಕೈಗೆ ಸಿಕ್ರೆ ಚರ್ಮ ಸುಲೀಬೇಕು" ಎಂದು ಅಜ್ಜಪ್ಪ ಹಲ್ಲು ಕಡಿದ.

"ಸುಲಿ ಅಜ್ಜಪ್ಪಣ್ಣ, ಇಲ್ಲೇ ಕೂತವ್ನೆ" ಎಂದ ನಾಗಭೂಷಣ. ಅನುಸೂಯಳ ಸುಟ್ಟ ಕೈಯನ್ನು ಮುಟ್ಟಲು ಹೋಗಿ, ಧೈರ್ಯ ಸಾಲದೆ, ಅವಳ ಸೆರಗಿನ ಅಂಚು ಹಿಡಿದುಕೊಂಡ.