ಮೂಳೆ ಮುರಿಯದ ಹದಿನೆಂಟು ವರ್ಷ

ಆರ್ವಿಲ್ ಟಿಡ್ಮೋರ್‌ನ ಮೈಯಲ್ಲಿ ಹದಿನೇಳು ಮೂಳೆಗಳು ಮುರಿದು ಕೂಡಿಕೊಂಡಿದ್ದವು. ಒಂದೊಂದಕ್ಕೂ ಒಬ್ಬೊಬ್ಬ ಮಹಾವೀರನ ಹೆಸರಿತ್ತು. ಎಡ ಮೊಣಕೈ ಎಂದರೆ ಲಾಯ್ಡ್ ಕ್ರಂಪ್, ಎಂಬತ್ತನಾಲ್ಕನೇ ಇಸವಿ. ಬಲಗಡೆಯ ಮೂರನೇ ಪಕ್ಕೆಲುಬು ಎಂದರೆ ವೆಂಡೆಲ್ ಓಟ್ಸ್. ಆ ಪಕ್ಕೆಲುಬು ಮುರಿದ ವರ್ಷದಿಂದ ಸತತ ಮೂರು ಸಲ ಫುಟ್‌ಬಾಲ್ ಕಪ್ ಊರಿಗೆ ಬಂತು. ಮೂಗು ಸ್ಯಾಂಡಿಫರ್ ಅವಳಿಗಳ ಪಾಲಿನದು: ಅಣ್ಣ ಎಡಕ್ಕೆ ಓರೆ ಮಾಡಿದ್ದನ್ನು ತಮ್ಮ ಮರುವರ್ಷ ಬಲಗಡೆಯಿಂದ ಗುದ್ದಿ ನೆಟ್ಟಗೆ ಮಾಡಿದ್ದ. ಮಳೆ ಬರುವ ಮುಂಚೆ ಈ ವೀರರೆಲ್ಲ ಒಟ್ಟಿಗೆ ನೋಯುತ್ತಿದ್ದರು. ಆಗ ಆರ್ವಿಲ್ ಜಗುಲಿಯ ಮೇಲೆ ಕೂತು ಒಬ್ಬೊಬ್ಬರನ್ನೇ ಸವರುತ್ತಾ ಸುಖಪಡುತ್ತಿದ್ದ.

ಓಕ್ಲಹೋಮದ ಟಾಲ್ಬಟ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೇಸರಗತ್ತೆಗಳು ಎಂದು ಹೆಸರು. ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಅವಚಿಕೊಂಡು ಒಬ್ಬ ಓಡುವುದು, ಹನ್ನೊಂದು ಜನ ಅವನ ಮೇಲೆ ಬಿದ್ದು ನೆಲಕ್ಕೆ ಅರೆಯುವುದು, ಎದ್ದರೆ ಮತ್ತೆ ಅರೆಯುವುದು: ಇಷ್ಟೇ ಆಟ. ಎಂಬತ್ತೊಂದರಲ್ಲಿ ಅಲ್ಲಿ ರಾಸ್ಕೋ ಗ್ರಿಮ್ಸ್ ಎಂಬ ಕೋಚ್ ಇದ್ದ. ಪ್ರೀತಿ ಬಂದರೆ ಕಪಾಳಕ್ಕೆ ಹೊಡೆಯುತ್ತಿದ್ದ, ಕೋಪ ಬಂದರೆ ಕೈಗೆ ಸಿಕ್ಕಿದ್ದರಲ್ಲಿ. ಅವನು ಮೈದಾನದ ಹಿಂದೆ ಗುಂಡಿ ತೋಡಿಸಿ, ಮರದ ಹೊಟ್ಟು ತುಂಬಿಸಿ, ನಡುವೆ ಇಪ್ಪತ್ತು ವರ್ಷದ ಆರ್ವಿಲ್‌ನನ್ನು ನಿಲ್ಲಿಸಿದ. ಮಂಡಿ ಜಖಂ ಆಗಿ ಆರ್ವಿಲ್ ಓಡಲಾರದವನಾಗಿದ್ದ. ನಿಲ್ಲುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. “ಹತ್ತು ಹೆಜ್ಜೆ ಓಡಿ ಬಂದು ಈ ಕಂಬಾನ ಯಾವನು ಕೆಡವ್ತಾನೋ ಅವನು ನನ್ನ ಹುಡುಗ. ಆಗದೇ ಇರೋನು ಅವ್ವನ ಹತ್ರ ಹೋಗಲಿ,” ಎಂದು ರಾಸ್ಕೋ ಸಾರಿದ. ಟಾಲ್ಬಟ್‌ನ ಸಂವಿಧಾನ ಅಷ್ಟೇ.

ಅಂದಿನಿಂದ ತಂಡಕ್ಕೆ ಸೇರಲು ಬಂದ ಪ್ರತಿ ಹುಡುಗನೂ ಗುಂಡಿಗಿಳಿಯಬೇಕಾಯಿತು. ಇಪ್ಪತ್ತೈದು ವರ್ಷದಲ್ಲಿ ನಲವತ್ತೊಂದು ಜನ ಆರ್ವಿಲ್‌ನನ್ನು ಕೆಡವಿದರು, ಆ ನಲವತ್ತೊಂದು ಜನ ಸುತ್ತಲಿನ ಏಳು ಜಿಲ್ಲೆಗಳ ತಂಡಗಳನ್ನು ಹಪ್ಪಳ ಮಾಡಿದರು. ಕೊನೆಯವನು ಎರಡು ಸಾವಿರದ ಆರರಲ್ಲಿ ಬಂದ ಬೋ ಟ್ರಿಂಬಲ್, ಬಲಗೈ ಮಣಿಕಟ್ಟು. ಆಮೇಲೆ ಯಾರೂ ಕೆಡವಲಿಲ್ಲ. ಆರ್ವಿಲ್‌ಗೆ ಅರವತ್ತಮೂರು ತುಂಬಿತು; ಮೈಯಲ್ಲಿ ಹೊಸದೊಂದು ಗೀಟಿಲ್ಲ. ಹಳೆಯ ಚಪ್ಪರದ ಕಥೆಯಂತಾಯಿತು: ಕಂಬ ನಿಂತಿತು, ಚಪ್ಪರ ಬಿತ್ತು. ಹೋದ ವರ್ಷ ಹೇಸರಗತ್ತೆಗಳು ಹನ್ನೊಂದು ಆಟ ಆಡಿ ಹತ್ತು ಸೋತರು. ಹನ್ನೊಂದನೆಯದು ಸಿಡಿಲು ಬಡಿದು ನಿಂತುಹೋಗಿತ್ತು.

ಕಾರಣ ಏನು ಎಂದು ಮೇವಿನಂಗಡಿ ಡಬ್ ಹೆನ್ಸ್ಲಿಯ ಕಟ್ಟೆಯಲ್ಲಿ ದಿನವೂ ವಿಚಾರಣೆ ನಡೆಯುತ್ತಿತ್ತು. ಹಳೆಯ ಆಟಗಾರ ಡಬ್‌ಗೆ ಮುಂದಿನ ನಾಲ್ಕು ಹಲ್ಲಿಲ್ಲ, ಒಂದು ಕಿವಿ ಅರ್ಧ ಇದೆ. “ಬಾಟ್ಲಿ ನೀರು ಕಣ್ರೋ. ನಲ್ಲಿಗೆ ಬಾಯಿ ಹಚ್ಚಿ ಕುಡಿದೋರಿಗೆ ಕತ್ತು ಗಟ್ಟಿ ಇರುತ್ತೆ,” ಎನ್ನುತ್ತಿದ್ದ. ದೊಡ್ಡ ಕಾಲೇಜುಗಳಲ್ಲಿ ಗಾಜಿನ ಗರಡಿಮನೆ ಇದೆ, ಕೈತುಂಬ ಕಾಸು ಕೊಡುತ್ತಾರೆ, ಹುಡುಗರು ವರ್ಷಕ್ಕೊಂದು ಕಾಲೇಜು ಅಂಗಿಯಂತೆ ಬದಲಾಯಿಸಬಹುದು ಎಂಬುದು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಆದರೆ ಅದನ್ನು ಹೇಳಿದವನಿಗೆ ಕಟ್ಟೆಯಲ್ಲಿ ಜಾಗ ಸಿಗುತ್ತಿರಲಿಲ್ಲ. ಒಳ್ಳೆಯ ಹುಡುಗರು ತಾಯಂದಿರ ಜೊತೆ ಬಂದು, ಗುಂಡಿಯನ್ನೂ ಅದರಲ್ಲಿ ತೋಳು ಮಡಚಿ ನಿಂತ ಆರ್ವಿಲ್‌ನನ್ನೂ ನೋಡಿ, ಕಾರಿನ ಎಂಜಿನ್ ಆರಿಸದೆಯೇ ತಿರುಗಿ ಹೋಗುತ್ತಿದ್ದರು. ಬೇರೆಲ್ಲೂ ಗತಿಯಿಲ್ಲದವರು ಗುಂಡಿಗಿಳಿದು, ಆರ್ವಿಲ್‌ಗೆ ಡಿಕ್ಕಿ ಹೊಡೆದು ರಬ್ಬರ್ ಚೆಂಡಿನಂತೆ ಹಿಂದಕ್ಕೆ ಹಾರುತ್ತಿದ್ದರು. ರಾಸ್ಕೋ ನಂತರದ ಕೋಚ್‌ಗಳು ಬೇರೆ ದಾರಿಯಿಲ್ಲದೆ ಅವರನ್ನೇ ಸೇರಿಸಿಕೊಳ್ಳುತ್ತಿದ್ದರು. ಒಬ್ಬ ಮುದುಕನನ್ನು ಕೆಡವಲಾರದವರೆಲ್ಲ ಸೇರಿ ಈಗ ತಂಡ.

“ಮೂಳೆ ಮುರೀಲಿಲ್ಲ ಅಂತ ಅಳೋ ಗಂಡನ್ನ ಕಟ್ಕೊಂಡೋಳು ಈ ಭೂಮಿ ಮೇಲೆ ನಾನೊಬ್ಳೇ,” ಎಂದು ಹೆಂಡತಿ ನೆಲ್ಡಾ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಆರ್ವಿಲ್ ನಿಜವಾಗಿಯೂ ಅಳುತ್ತಿದ್ದ. ಮಂಡಿಗಳು ಇನ್ನು ಒಂದೆರಡು ವರ್ಷ ತಡೆದಾವು. ಅಷ್ಟರೊಳಗೆ ಒಬ್ಬನಾದರೂ ಬಂದು ನೆಟ್ಟಗೆ, ನ್ಯಾಯವಾಗಿ, ಫಟ್ ಎಂದು ಸದ್ದಾಗುವಂತೆ ಕೆಡವಬೇಕು. ಆಗ ಟಾಲ್ಬಟ್ ಮತ್ತೆ ಗೆಲ್ಲುತ್ತದೆ. ಇದೊಂದೇ ಅವನ ಹರಕೆ.

ಜನವರಿಯ ಒಂದು ಬೆಳಿಗ್ಗೆ ಕೋಚ್ ಪೆಟಿ ಅವನನ್ನು ಹುಡುಕಿಕೊಂಡು ಬಂದ. ಒಂಬತ್ತು ವರ್ಷದಲ್ಲಿ ಐದನೆಯ ಕೋಚ್. ಮೂವತ್ತನಾಲ್ಕಕ್ಕೇ ತಲೆ ನೆರೆತಿತ್ತು. ಮೈದಾನದ ಕೆಲಸ ಆರ್ವಿಲ್‌ನದೇ. ಹುಲ್ಲು ಕೊಯ್ಯುವ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ.

“ಆರ್ವಿಲ್ ಮಾಮ, ಶನಿವಾರ ಒಬ್ಬ ಹುಡುಗ ಬರ್ತಿದಾನೆ. ಕಾಲ್ಟನ್ ಫಿಕ್ಸಿಕೋ ಅಂತ. ನೂರೈದು ಕೆಜಿ. ಓಡಿದ್ರೆ ಜಿಂಕೆ, ಗುದ್ದಿದ್ರೆ ಗೂಳಿ.”

ಆರ್ವಿಲ್‌ನ ಕೊರಳೆಲುಬು ಜುಮ್ಮೆಂದಿತು. “ಬರ್ಲಿ. ಕೆಡವ್ಲಿ.”

“ಅದೇ ವಿಷಯ. ಈ ಸಲ ಗುಂಡಿ ಬೇಡ ಮಾಮ.”

“ಗುಂಡಿ ಬೇಡ. ಸರಿ. ಹಂಗೇ ಮದ್ವೆಗೆ ಹೆಣ್ಣೂ ಬೇಡ ಅನ್ನು.”

“ಹೋಗ್ಲಿ, ಮುಟ್ಟಿದ ತಕ್ಷಣ ಬಿದ್ಬಿಡಿ. ಹುಡುಗನಿಗೂ ಖುಷಿ, ನನ್ನ ಕೆಲ್ಸಾನೂ ಉಳಿಯುತ್ತೆ.”

“ನೋಡು ಕೋಚಪ್ಪ, ನಲವತ್ತೊಂದು ಸಲ ಬಿದ್ದಿದೀನಿ. ಒಂದ್ಸಲಾನೂ ಸುಳ್ಳು ಬಿದ್ದಿಲ್ಲ. ಈಗ ನಾಟಕ ಮಾಡಿದ್ರೆ ಇಲ್ಲಿರೋರು ಏನಂದಾರು?” ಎಂದು ಆರ್ವಿಲ್ ತನ್ನ ಪಕ್ಕೆ ತಟ್ಟಿಕೊಂಡ. ಒಳಗಿದ್ದ ವೆಂಡೆಲ್ ಓಟ್ಸ್‌ಗೂ ಅದು ಸರಿಯೆನಿಸಿರಬೇಕು.

ಶನಿವಾರ ಗುಂಡಿಯ ಸುತ್ತ ಹಳೆಯ ವೀರರು ಮಡಚುವ ಕುರ್ಚಿಗಳಲ್ಲಿ ಆಸೀನರಾದರು. ಕರಿದ ಮೀನು, ಪೆಕಾನ್ ಬೀಜದ ಸಿಹಿ ಕಡುಬು ಬಂದವು. ಅತಿಥಿಗೆ ಗೌರವ ತೋರಬೇಕೆಂದು ಡಬ್ ಅಂಗಿ ಬಿಚ್ಚಿ, ಹೊಟ್ಟೆಯ ಮೇಲಿನ ಹೊಲಿಗೆ ತೋರಿಸಿದ. ಇನ್ನೊಬ್ಬ ಬಗ್ಗದ ಮೂರು ಬೆರಳು ತೋರಿಸಿದ. ಇವೆಲ್ಲ ಹುಡುಗನ ಬಾಯಲ್ಲಿ ನೀರೂರಿಸುತ್ತವೆ ಎಂದು ಅವರೆಲ್ಲ ಮನಸಾರೆ ನಂಬಿದ್ದರು.

ಕಾಲ್ಟನ್ ಮಿತಭಾಷಿ. ಜೊತೆಯಲ್ಲಿ ಅವನನ್ನು ಸಾಕಿದ ಅಜ್ಜಿ ಎಡ್ನಾ ಫಿಕ್ಸಿಕೋ ಬಂದಿದ್ದಳು. ಕುಳ್ಳಿ, ಅಗಲ ಭುಜ, ಕೈಯಲ್ಲಿ ಉಕ್ಕಿನ ಫ್ಲಾಸ್ಕು. ಇಪ್ಪತ್ತೆಂಟು ವರ್ಷ ಶಾಲಾ ಬಸ್ಸು ಓಡಿಸಿದವಳು. ಹಿಂದಿನ ಸೀಟಿನ ಜಗಳವನ್ನು ಕನ್ನಡಿಯಲ್ಲಿ ಒಮ್ಮೆ ನೋಡಿಯೇ ನಿಲ್ಲಿಸಬಲ್ಲವಳು.

ಮೊದಲು ನಾಂದಿಯಂತೆ ಹಾಲಿ ತಂಡದ ಒಬ್ಬ ದಾಂಡಿಗನನ್ನು ಗುಂಡಿಗೆ ಬಿಟ್ಟರು. ಅವನು ಹತ್ತು ಹೆಜ್ಜೆ ಬುಸುಗುಡುತ್ತಾ ಬಂದ. ಆರ್ವಿಲ್ ಅರ್ಧ ಅಂಗುಲ ಬಗ್ಗಿ ಭುಜ ಕೊಟ್ಟ. ಗಲ್ಲಕ್ಕೂ ಭುಜಕ್ಕೂ ಭೇಟಿಯಾದ ಸದ್ದಿಗೆ ಬೇಲಿಯ ಮೇಲಿದ್ದ ಕಾಗೆಗಳು ಎದ್ದುಹೋದವು. ದಾಂಡಿಗ ಅಂಗಾತ ಬಿದ್ದು, ಎದ್ದು, ರಕ್ತದ ಜೊತೆ ಅರ್ಧ ಹಲ್ಲನ್ನು ಹೊಟ್ಟಿಗೆ ಉಗಿದ. ವೀರರು ಮೀನು ಹಿಡಿದ ಕೈಯಲ್ಲೇ ಚಪ್ಪಾಳೆ ತಟ್ಟಿದರು.

“ಬಾ ಮಗಾ,” ಎಂದು ಆರ್ವಿಲ್ ಕೈಬೀಸಿ ಕರೆದ. ಪ್ರಿಯತಮೆಯನ್ನು ಕರೆದಂತಿತ್ತು.

ಕಾಲ್ಟನ್ ಕದಲಲಿಲ್ಲ. “ನಾನು ಹೊಡೆಯಲ್ಲ ಸಾರ್.”

“ಯಾಕೆ, ಭಯಾನಾ?”

“ಇಲ್ಲ ಸಾರ್. ನಿಮಗೆ ವಯಸ್ಸಾಗಿದೆ.”

ನಲವತ್ಮೂರು ವರ್ಷದಲ್ಲಿ ಆರ್ವಿಲ್‌ಗೆ ಬಿದ್ದ ಪೆಟ್ಟುಗಳಲ್ಲಿ ಇಷ್ಟು ಆಳಕ್ಕಿಳಿದದ್ದು ಬೇರೆ ಇಲ್ಲ. ಅವನು ಗುಂಡಿ ಬಿಟ್ಟು ಮೇಲೆ ಬಂದು ಹುಡುಗನ ಎದೆಗೆ ಎರಡು ಕೈಯಲ್ಲಿ ನೂಕಿದ. “ಹೊಡಿ.” ಹುಡುಗ ಅಲ್ಲಾಡಲಿಲ್ಲ, ಗೋಡೆಯನ್ನು ನೂಕಿದಂತಾಯಿತು. ಆ ಗೋಡೆಯ ಸೊಗಸಿಗೆ ಆರ್ವಿಲ್‌ನ ಕಣ್ಣು ತುಂಬಿತು. ಮತ್ತೆ ನೂಕಿದ. “ಹೊಡಿಯೋ, ದಮ್ಮಯ್ಯ.” ಆಮೇಲೆ ಕೆನ್ನೆಗೊಂದು ಬಾರಿಸಿದ. “ಅಜ್ಜಿ ಲಂಗದ ಹಿಂದೆ ಬಚ್ಚಿಟ್ಕೋತೀಯೇನೋ?”

ಎಡ್ನಾ ಕುರ್ಚಿಯಿಂದ ಎದ್ದಳು. ಫ್ಲಾಸ್ಕನ್ನು ಮೊಮ್ಮಗನ ಕೈಗಿತ್ತಳು. “ಹಿಡ್ಕೋ. ಚೆಲ್ಬೇಡ.” ಗುಂಡಿಗಿಳಿದು ಆರ್ವಿಲ್‌ನನ್ನು ಬೆರಳಲ್ಲಿ ಕರೆದಳು. “ನಿಯಮ ಏನಪ್ಪ ನಿಂದು?”

ಡಬ್ ನಗುತ್ತಾ ಹೇಳಿದ: “ಹತ್ತು ಹೆಜ್ಜೆ ಓಡಿಬರ್ಬೇಕು ತಾಯಿ.”

“ನಂಗೆ ಎರಡು ಸಾಕು.”

ಫಿಕ್ಸಿಕೋ ಮನೆತನ ಅಮೆರಿಕದ ಮೂಲನಿವಾಸಿಗಳಾದ ಮಸ್ಕೋಗಿ ಜನ. ಅವರ ಕಡೆ ಒಂದು ಆಟವಿದೆ: ನಡುವೆ ಎತ್ತರದ ಕಂಬ, ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಗಂಡಸರು ಕೋಲಿನಿಂದಲೇ ಚೆಂಡು ಎತ್ತಬೇಕು. ಹೆಂಗಸರು ಬರಿಗೈ ಬಳಸಬಹುದು, ಆ ಕೈಯಲ್ಲಿ ಗಂಡಸರನ್ನು ಎಳೆಯಬಹುದು, ಎತ್ತಬಹುದು, ಒಗೆಯಬಹುದು. ಗಂಡಸರು ತುಟಿಪಿಟಕ್ಕೆನ್ನುವಂತಿಲ್ಲ. ಎಡ್ನಾ ಆರು ವರ್ಷದಿಂದ ಅರವತ್ತಾರರವರೆಗೆ ಆ ಕಂಬದ ಸುತ್ತ ಗಂಡಸರನ್ನು ಒಗೆಯುತ್ತಲೇ ಬೆಳೆದವಳು. ಟಾಲ್ಬಟ್‌ನ ವಿದ್ವಾಂಸರಿಗೆ ಇದು ತಿಳಿದಿರಲಿಲ್ಲ.

ಆರ್ವಿಲ್ ಹೆಂಗಸಿನ ಮೇಲೆ ಕೈಮಾಡುವವನಲ್ಲ. ಗುಂಡಿಗಿಳಿದು ತೋಳು ಮಡಚಿ ಸುಮ್ಮನೆ ನಿಂತ. ಮೊದಲ ಹೆಜ್ಜೆಗೆ ಎಡ್ನಾ ಅವನ ಬೆಲ್ಟು ಹಿಡಿದಳು. ಎರಡನೆಯದಕ್ಕೆ ಅವಳ ಸೊಂಟ ಅವನ ಹೊಟ್ಟೆಯ ಕೆಳಗೆ ಹೊಕ್ಕಿತು. ನೂರಹತ್ತು ಕೆಜಿಯ ಕಂಬ ಬುಡಸಮೇತ ಎದ್ದು, ಗಾಳಿಯಲ್ಲಿ ಅರ್ಧ ಪ್ರದಕ್ಷಿಣೆ ಹಾಕಿ, ತಲೆ ಮುಂದಾಗಿ ಹೊಟ್ಟಿನಲ್ಲಿ ನಾಟಿತು. ಅವನ ಕಟ್ಟಿಸಿದ ಹಲ್ಲುಸೆಟ್ಟು ಹಾರಿ ಡಬ್‌ನ ಕಡುಬಿನೊಳಗೆ ಕಚ್ಚಿಕೊಂಡಿತು. ಏಳಲು ಹೋದವನನ್ನು ಎಡ್ನಾ ಕಿವಿ ಹಿಡಿದು ಮತ್ತೊಮ್ಮೆ ಕೆಡವಿದಳು. “ಇದು ಕೆನ್ನೆಗೆ ಹೊಡೆದಿದ್ದಕ್ಕೆ.”

ಆರ್ವಿಲ್ ಬಿದ್ದಲ್ಲೇ ಕೈಕಾಲು, ಪಕ್ಕೆ, ಕೊರಳು ಎಲ್ಲ ತಡವಿ ನೋಡಿಕೊಂಡ. ಅಷ್ಟು ನಾಜೂಕಾಗಿ ಒಗೆದಿದ್ದಳು. “ಒಂದೂ ಮುರೀಲಿಲ್ಲ,” ಎಂದು ಬೊಚ್ಚುಬಾಯಲ್ಲಿ ಗೋಳಾಡಿದ.

ಆಮೇಲೆ ಧರ್ಮಸೂಕ್ಷ್ಮದ ಪ್ರಶ್ನೆ ಎದ್ದಿತು. “ರಾಸ್ಕೋ ‘ಯಾವನು ಕೆಡವ್ತಾನೋ’ ಅಂದಿದ್ದು. ‘ಯಾವಳು’ ಅನ್ಲಿಲ್ಲ,” ಎಂದು ಒಬ್ಬ. “ಅಜ್ಜೀನೇ ಸೇರಿಸ್ಕೊಳ್ಳೋಣ. ನಮ್ಮ ಹುಡುಗ್ರಿಗಿಂತ ವಾಸಿ,” ಎಂದು ಹಲ್ಲುಸೆಟ್ಟಿನ ಸುತ್ತಲಿನ ಕಡುಬನ್ನು ಕೆರೆದು ತಿನ್ನುತ್ತಾ ಡಬ್.

ಕೋಚ್ ಪೆಟಿ ಅಜ್ಜಿಯ ಹಿಂದೆ ಕಾರಿನವರೆಗೂ ಓಡಿದ. “ಅಮ್ಮಾ, ಒಂದ್ನಿಮಿಷ. ನಮ್ಮಲ್ಲಿ ಒಳ್ಳೆ ಲೈಬ್ರರಿ ಇದೆ.”

ಎಡ್ನಾ ಬಾಗಿಲು ತೆರೆದು ನಿಂತಳು. “ಕಿಂಬ್ರೆಲ್ ಕಾಲೇಜಿನೋರು ನಮ್ಮನೆಗೆ ಬಂದಿದ್ರು. ನನ್ನ ಜೋಳದ ಗಂಜಿ ಮೂರು ಬಟ್ಲು ಕುಡಿದ್ರು. ಹುಡುಗ ಏನು ಓದ್ತಾನೆ, ಬೆನ್ನು ನೋವಾದ್ರೆ ಯಾರು ನೋಡ್ಕೋಬೇಕು ಅಂತ ಕೇಳಿದ್ರು. ನೀವು ಇಷ್ಟು ದೂರ ಕರೆಸಿ, ನಿಮ್ಮ ತಾತನ್ನ ಹೊಡಿ ಅಂತೀರಲ್ಲ. ಲೈಬ್ರರಿ ಇದೆ ಅಂತ ಮೊದ್ಲೇ ಹೇಳೋಕೇನಾಗಿತ್ತು?”

ಕಾಲ್ಟನ್ ಕಿಂಬ್ರೆಲ್‌ಗೆ ಸೇರಿದ.

ಅಕ್ಟೋಬರಿನಲ್ಲಿ ಕಿಂಬ್ರೆಲ್ ತಂಡ ಟಾಲ್ಬಟ್‌ಗೆ ಬಂತು. ಆಟದ ದಿನ ಆರ್ವಿಲ್‌ಗೆ ಗೆರೆಯಂಚಿನ ಕೆಲಸ. ಚೆಂಡು ಹಿಡಿದ ತಂಡ ನಾಲ್ಕು ಯತ್ನದಲ್ಲಿ ಹತ್ತು ಗಜ ದಾಟಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಅದನ್ನು ಅಳೆಯಲು ಹತ್ತು ಗಜದ ಸರಪಳಿ, ಅದರ ಎರಡು ತುದಿಗೆ ಎರಡು ಕೋಲು. ಮುಂದಿನ ಕೋಲು ಆರ್ವಿಲ್‌ನದು. ಆಟಗಾರರು ಮೈಮೇಲೆ ಬಂದರೆ ಕೋಲು ಬಿಸಾಕಿ ಓಡಿ ಎಂಬುದು ಆ ಕೆಲಸದ ಮೊದಲ ಪಾಠ.

ಅರ್ಧ ಆಟಕ್ಕೇ ಕಿಂಬ್ರೆಲ್ ನಲವತ್ತೆರಡು, ಟಾಲ್ಬಟ್ ಸೊನ್ನೆ. ಕಾಲ್ಟನ್ ಹೇಸರಗತ್ತೆಗಳ ನಡುವೆ ರೈಲಿನಂತೆ ಹೋಗಿ ಬರುತ್ತಿದ್ದ. ಒಬ್ಬನ ಹೆಲ್ಮೆಟ್ ಒಂದು ಕಡೆ, ಅವನು ಇನ್ನೊಂದು ಕಡೆ. ಇಬ್ಬರು ಕಾಲಿಗೆ ಜೋತುಬಿದ್ದರು. ಅವರನ್ನೂ ಎಳೆದುಕೊಂಡು ಹನ್ನೆರಡು ಗಜ ಉತ್ತ. ಪ್ರೇಕ್ಷಕರು ಕಣ್ಣು ಮುಚ್ಚಿಕೊಂಡರು. ಆರ್ವಿಲ್ ಮಾತ್ರ ಹಸಿದವನು ಪಕ್ಕದೆಲೆಯ ಹೋಳಿಗೆ ನೋಡುವಂತೆ ನೋಡುತ್ತಿದ್ದ.

ಮೂರನೆಯ ಭಾಗದಲ್ಲಿ ಕಾಲ್ಟನ್ ಚೆಂಡು ಹಿಡಿದು ಗೆರೆಯಂಚಿಗೆ ತಿರುಗಿದ. ಹಿಂದೆ ಮೂವರು ಹೇಸರಗತ್ತೆಗಳು, ಮುಂದೆ ಆರ್ವಿಲ್. ಸರಪಳಿಯ ಉಳಿದವರು ಕೋಲು ಬಿಸಾಕಿ ಓಡಿದರು. ಅಟ್ಟಣೆಯಿಂದ ಎಡ್ನಾಳ ಬಸ್ಸಿನ ಗಂಟಲು ಕೇಳಿತು: “ಜರುಗಯ್ಯೋ, ಮುದುಕಾ.” ಆರ್ವಿಲ್ ಕೋಲು ಕೆಳಗಿಟ್ಟ. ಹಿಮ್ಮಡಿಯನ್ನು ಮಣ್ಣಿಗೆ ಊರಿದ. ತೋಳು ಮಡಚಿದ. ಮಗುವಿನಂತೆ ನಕ್ಕ.

ಹುಡುಗ ತಡೆಯಲು ನೋಡಿದ, ಆಗಲಿಲ್ಲ. ಹಿಂದಿನ ಮೂವರು ಅವನ ಬೆನ್ನಿಗೆ ಅಪ್ಪಳಿಸಿದರು. ನಾಲ್ವರ ಭಾರ ಒಂದೇ ಭುಜವಾಗಿ ಬಂದು ಆರ್ವಿಲ್‌ನ ಎದೆಗೆ ಬಡಿಯಿತು. ಫಟ್ ಎಂದಿತು. ಆಮೇಲೆ, ಬೋನಸ್ಸಿನಂತೆ, ಇನ್ನೊಂದು ಫಟ್. ಆರ್ವಿಲ್ ನೀರಿನ ಮೇಜನ್ನು, ಅದರ ಹಿಂದಿನ ತುತ್ತೂರಿಯವನನ್ನು, ತುತ್ತೂರಿಯನ್ನು ಕ್ರಮವಾಗಿ ದಾಟಿ ಹೋಗಿ ಬಿದ್ದ.

ಕಾಲ್ಟನ್ ಓಡಿ ಬಂದು ಮಂಡಿಯೂರಿದ. “ಸಾರಿ ಸಾರ್. ನಾನು ಬೇಕೂಂತ ಹೊಡೀಲಿಲ್ಲ.”

“ಸುಮ್ನಿರು ಮಗಾ. ಎಡಗಡೆ ಕೊರಳೆಲುಬು,” ಎಂದು ಆರ್ವಿಲ್ ಉಸಿರು ಹೆಕ್ಕಿ ಹೇಳಿದ. “ಜೊತೆಗೆ ಒಂದು ಪಕ್ಕೆ. ಕೇಳಿಸ್ತಾ ನಿಂಗೆ? ಹದಿನೆಂಟು ವರ್ಷ ಆಗಿತ್ತು ಕಣೋ. ಕೋಚಪ್ಪ, ಬರ್ಕೋ. ಇವ್ನು ನಮ್ಮ ಹುಡುಗ.”

ಕೋಚ್ ಪೆಟಿ ತಲೆ ಹಿಡಿದುಕೊಂಡ. “ಮಾಮ, ಅವ್ನು ಕಿಂಬ್ರೆಲ್ ಅಂಗಿ ಹಾಕಿದಾನೆ.”

“ಅಂಗಿ ಬಿಚ್ಚೋಕೆ ಎಷ್ಟೊತ್ತು.”

“ಬಿಚ್ಚಲ್ಲ ಸಾರ್,” ಎಂದ ಕಾಲ್ಟನ್, ಅವನ ತಲೆಯ ಕೆಳಗೆ ತನ್ನ ಹೆಲ್ಮೆಟ್ಟು ಇಡುತ್ತಾ. “ಅಲ್ಲಿ ನಂಗೆ ಚೆನ್ನಾಗಿದೆ.”

ಆರ್ವಿಲ್ ಆ ಅಂಗಿಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದ. ಹುಡುಗನ ಕೈ ಇನ್ನೂ ಅವನ ಭುಜದ ಮೇಲಿತ್ತು. “ಸರಿ ಬಿಡು,” ಎಂದ. “ಮೂಳೆಗಂತೂ ನಿನ್ನ ಹೆಸ್ರೇ.” ನೆಲ್ಡಾ ನೋವಿನೆಣ್ಣೆಯ ಸೀಸೆಯನ್ನು ಕೈಚೀಲದಿಂದ ತೆಗೆಯುತ್ತಾ ಮೆಟ್ಟಿಲು ಇಳಿದು ಬರುತ್ತಿದ್ದಳು, ಹದಿನೆಂಟು ವರ್ಷವೂ ಅದನ್ನು ಚೀಲದಲ್ಲೇ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಅಂಪೈರ್ ಗೋಳು ಶುರುವಾಯಿತು. ಸರಪಳಿ ಚೆಲ್ಲಾಪಿಲ್ಲಿ, ಕೋಲು ಕಾಲ್ತುಳಿತಕ್ಕೆ ಸಿಕ್ಕಿ ಎಲ್ಲೋ ಹೋಗಿದೆ. ಹತ್ತು ಗಜ ಆಯಿತೋ ಇಲ್ಲವೋ ಯಾರು ಹೇಳಬೇಕು? ಟಾಲ್ಬಟ್‌ನವರು ಆಗಲಿಲ್ಲ ಎಂದು ಕೂಗಿದರು. ಆರ್ವಿಲ್ ಸ್ಟ್ರೆಚರಿನಿಂದ ಸರಿಯಾಗಿರುವ ಕೈಯೆತ್ತಿ ತೋರಿಸಿದ.

ಗೆರೆಯಂಚಿನಲ್ಲಿ, ಕೋಲು ನಿಂತಿದ್ದ ಜಾಗದಲ್ಲೇ, ಅವನ ಎರಡು ಬೂಟುಗಳು ನಿಂತಿದ್ದವು. ಹಿಮ್ಮಡಿ ಮಣ್ಣಿನಲ್ಲಿ ಹೂತು, ಲಾಡಿ ಕಟ್ಟಿದ್ದು ಕಟ್ಟಿದಂತೆ, ನೆಟ್ಟಗೆ. ಒಡೆಯನನ್ನು ಕಳೆದುಕೊಂಡರೂ ಬಿದ್ದಿರಲಿಲ್ಲ. ಅಂಪೈರ್ ಅವುಗಳ ಪಕ್ಕ ಸರಪಳಿ ಹಿಡಿದು ಅಳೆದ. ಚೆಂಡು ಒಂದು ಗೇಣು ದಾಟಿತ್ತು. ತೀರ್ಪು ಕಿಂಬ್ರೆಲ್‌ಗೆ ಕೊಟ್ಟ.