ಸೀಟಿ ಪೆಟ್ಟಿಗೆಯ ಜಯಕ್ಕ

ಆದೋನಿಯಲ್ಲಿ ರೇಡಿಯೋ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ಆ ರೇಡಿಯೋಗಳು ಕೆಟ್ಟರೆ ಹತ್ತಿ ಮಾರ್ಕೆಟ್ಟಿನ ಹಿಂದಿದ್ದ ಎರ್ರಿಸ್ವಾಮಿಯ ಅಂಗಡಿಗೆ ಬರುತ್ತಿದ್ದವು. ಬೋರ್ಡಿನ ಮೇಲೆ ಅವನ ಹೆಸರಿತ್ತು. ಆದರೆ ಕೆಲಸದ ಅರ್ಧಪಾಲು ಅವನ ಹೆಂಡತಿ ಜಯಕ್ಕನದು.

ಜಯಕ್ಕ ಹಾಲಹರವಿ ಕಡೆಯ ಕುರಿಗಾರರ ಮನೆಯವಳು. ತೆಲುಗು ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಕೂತು ಎದ್ದವಳು. ಅಕ್ಷರ ಮರೆತರೂ ಅಂಕಿ ಮರೆತಿರಲಿಲ್ಲ. ಮದುವೆಯಾದ ಮರುವರ್ಷವೇ ಗಂಡ ಸೈನ್ಯ ಸೇರಿ ರೇಡಿಯೋ ಮೆಕ್ಯಾನಿಕ್ ಆದ. ಯುದ್ಧ ಮುಗಿದು ನಲವತ್ತಾರರಲ್ಲಿ ಊರಿಗೆ ಬಂದಾಗ ಕೈಯಲ್ಲಿ ವಿದ್ಯೆ ಇತ್ತು, ಕಿವಿ ಹೋಗಿತ್ತು. ಬರ್ಮಾದ ಗಡಿಯಲ್ಲಿ ಬಾಂಬು ಹತ್ತಿರವೇ ಬಿದ್ದಿತ್ತಂತೆ. ಎದುರು ನಿಂತು ಜೋರಾಗಿ ಮಾತಾಡಿದರೆ ತಿಳಿಯುತ್ತಿತ್ತು, ಸಣ್ಣ ಸದ್ದು ತಿಳಿಯುತ್ತಿರಲಿಲ್ಲ.

ಮದರಾಸಿನಲ್ಲಿ ಮಿಲಿಟರಿ ಹಳೇ ಸಾಮಾನು ಹರಾಜಿಗೆ ಬಂದಾಗ ಅವನು ಒಂದು ಸಿಗ್ನಲ್ ಜನರೇಟರ್ ತಂದಿದ್ದ. ಕಪ್ಪು ಮುಖದ ಕಬ್ಬಿಣದ ಪೆಟ್ಟಿಗೆ. ನಡುವೆ ತಟ್ಟೆಯಗಲದ ಡಯಲು, ಅದರ ಮೇಲೆ ಅಂಕಿ ತೋರಿಸುವ ಮುಳ್ಳು, ಎಡಕ್ಕೆ ಬ್ಯಾಂಡು ಬದಲಿಸುವ ಗುಂಡಿ, ಬಲಕ್ಕೆ ಸದ್ದಿನ ಬಲ ಏರಿಸಿ ಇಳಿಸುವ ಎರಡು ಗುಂಡಿ. ದೂರದ ಸ್ಟೇಷನ್ ಕಳಿಸುವಂಥ ಅಲೆಯನ್ನು ಅದು ಮೇಜಿನ ಮೇಲೆಯೇ ಹುಟ್ಟಿಸುತ್ತಿತ್ತು. ಬೇಕೆಂದರೆ ಅದಕ್ಕೊಂದು ಸೀಟಿಯ ದನಿಯನ್ನೂ ಬೆರೆಸುತ್ತಿತ್ತು. ಕೆಟ್ಟ ರೇಡಿಯೋಕ್ಕೆ ಅದನ್ನು ಉಣಿಸಿ, ಸೀಟಿ ಎಲ್ಲಿ ಅತಿ ಜೋರಾಗಿ ಕೇಳುತ್ತದೋ ಅಲ್ಲಿಗೆ ಒಳಗಿನ ತಿರುಪುಗಳನ್ನು ಕೂಡಿಸಬೇಕು. ಎರ್ರಿಸ್ವಾಮಿ ಎಷ್ಟು ತಿರುಗಿಸಿದರೂ ಅವನಿಗೆ ಹೆಚ್ಚುಕಡಿಮೆ ಗೊತ್ತಾಗಲಿಲ್ಲ. ಎರಡು ದಿನ ಪೆಟ್ಟಿಗೆಯ ಮುಂದೆಯೇ ಕುಳಿತ. ಮೂರನೆಯ ದಿನ ಜಯಕ್ಕ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತಳು.

“ತಿರುವೋದೆಲ್ಲಿ ಅಂತ ತೋರ್ಸ್ರಿ ಸಾಕು. ಕೇಳೋದು ನನಗ ಬಿಡ್ರಿ.”

ನೂರು ಕುರಿಯ ಮಂದೆಯಲ್ಲಿ ಯಾವ ಗಂಟೆ ಯಾವ ಕುರಿಯದೆಂದು ಕಣ್ಣುಮುಚ್ಚಿ ಹೇಳುತ್ತಿದ್ದ ಹುಡುಗಿ ಅವಳು. ಒಂದು ವರ್ಷದಲ್ಲಿ ಆ ಪೆಟ್ಟಿಗೆಯ ಪ್ರತಿ ಗುಂಡಿಯೂ ಅವಳ ಬೆರಳಿಗೆ ಒಗ್ಗಿತು. ತಿರುಪು ತಿರುಗಿಸಲು ಬಿದಿರನ್ನು ಚೂಪಾಗಿ ಸೀಳಿ ತಾನೇ ಕಡ್ಡಿ ಮಾಡಿಕೊಂಡಳು, ಕಬ್ಬಿಣ ತಾಗಿದರೆ ಶ್ರುತಿ ಕೆಡುತ್ತದೆಂದು.

ನಲವತ್ತೇಳರ ಬೇಸಿಗೆ. ಎರ್ರಿಸ್ವಾಮಿ ರೇಡಿಯೋಗಳ ಗಾಜಿನ ವಾಲ್ವು ತರಲು ಮದರಾಸಿಗೆ ಹೋಗಿದ್ದ. ಆಗ ಹತ್ತಿ ವ್ಯಾಪಾರಿ ಚಂದ್ರಣ್ಣ ಸಾವ್ಕಾರರು ಆಳಿನ ತಲೆಯ ಮೇಲೆ ದೊಡ್ಡ ರೇಡಿಯೋ ಹೊರಿಸಿಕೊಂಡು ಬಂದರು. ಅದನ್ನು ಬೇರೆ ಊರಿನ ಒಬ್ಬ ರಿಪೇರಿಯವನು ತೆರೆದು ತಿರುಪುಗಳನ್ನೆಲ್ಲ ತೋಚಿದಂತೆ ತಿರುಗಿಸಿ, ಇದು ಇನ್ನು ಬೊಂಬಾಯಿಗೇ ಹೋಗಬೇಕು ಎಂದು ಕೈತೊಳೆದುಕೊಂಡಿದ್ದನಂತೆ. ಮರುದಿನ ಬೆಳಗಿನ ರೈಲಿಗೆ ಕಳಿಸುವುದೆಂದು ಸಾವ್ಕಾರರು ತೀರ್ಮಾನಿಸಿದ್ದರು. ಅದಕ್ಕೆ ಮುಂಚೆ ಎರ್ರಿಸ್ವಾಮಿ ಒಮ್ಮೆ ನೋಡಲಿ ಎಂದು ತಂದದ್ದು. ಅವನಿಲ್ಲವೆಂದು ತಿಳಿದು ಹೊರಟೇಬಿಟ್ಟಿದ್ದರು.

“ಇಳಿಸ್ರಿ ಸಾವ್ಕಾರ್ರೇ. ಸಂಜಿಗೆ ಹಾಡ್ತೈತಿ,” ಎಂದಳು ಜಯಕ್ಕ.

ಅವರು ಅವಳನ್ನೂ ರೇಡಿಯೋವನ್ನೂ ನೋಡಿದರು. ಹೇಗೂ ಬೊಂಬಾಯಿಗೆ ಹೋಗುವ ಮಾಲು, ಇದಕ್ಕಿಂತ ಏನು ಕೆಡುತ್ತದೆ ಎಂದುಕೊಂಡರೋ ಏನೋ, ಇಳಿಸಲು ಹೇಳಿ ಬೆಂಚಿನ ಮೇಲೆ ಕೂತರು.

ರೇಡಿಯೋದ ಬೆನ್ನಿಗೆ ಅಂಟಿಸಿದ ಕಾಗದದಲ್ಲಿ, ತಿರುಪುಗಳನ್ನು ಕೂಡಿಸಬೇಕಾದ ಅಂಕಿ ೪೬೫ ಎಂದಿತ್ತು. ಜಯಕ್ಕ ಬ್ಯಾಂಡಿನ ಗುಂಡಿ ತಿರುಗಿಸಿ, ಡಯಲನ್ನು ಅದೇ ಅಂಕಿಗೆ ತಂದು, ಸೀಟಿ ಹಾಕಿದಳು. ಅಂಗಡಿ ತುಂಬ ಕಿವಿಗಡಚಿಕ್ಕುವ ಸದ್ದು. ಅವಳು ಬಲಗಡೆಯ ಗುಂಡಿಗಳನ್ನು ಇಳಿಸುತ್ತಾ ಹೋದಳು, ಸೀಟಿ ಸೊಳ್ಳೆಯ ಗುಯ್ಗುಟ್ಟಿನಷ್ಟಾಗುವವರೆಗೆ. ಸಾವ್ಕಾರರಿಗೆ ಏನೂ ಕೇಳದಾಯಿತು. ಸದ್ದು ಜಾಸ್ತಿಯಿದ್ದರೆ ತಪ್ಪೂ ಸರಿಯೂ ಒಂದೇ ಥರ ಕೇಳುತ್ತದೆ ಎಂದು ಅವಳು ವಿವರಿಸಿದಳು. ಬಿದಿರು ಕಡ್ಡಿಯಿಂದ ಒಂದೊಂದೇ ತಿರುಪನ್ನು ಕೂದಲೆಳೆಯಷ್ಟು ತಿರುವಿ, ದನಿ ತುಂಬಿಬಂದ ಕಡೆ ನಿಲ್ಲಿಸಿದಳು. ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು.

ಏರಿಯಲ್ ಸಿಕ್ಕಿಸಿ ನೋಡಿದರೆ ಸ್ಟೇಷನ್ನುಗಳು ಬಂದವು, ಆದರೆ ರೇಡಿಯೋದ ಗಾಜಿನ ಮೇಲೆ ಹೆಸರು ಬರೆದ ಜಾಗದಲ್ಲಿ ಒಂದೂ ಇಲ್ಲ. ಸಾವ್ಕಾರರು ಎದ್ದು ನಿಂತು, ಕಟ್ಟಿಬಿಡು ತಾಯಿ, ರೈಲಿಗೆ ಹಾಕುತ್ತೇನೆ ಎಂದರು.

ಜಯಕ್ಕ ಪೆಟ್ಟಿಗೆಯ ಡಯಲಿನ ಕಡೆ ಬಗ್ಗಿದಳು. ತನ್ನ ಕಿವಿ ತಪ್ಪಿಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು. ಕೈ ತಪ್ಪಿಲ್ಲ. ಹಾಗಾದರೆ ತಪ್ಪಿದ್ದು ಅಂಕಿ. ಹಿಂದಿನ ವಾರ ಕೋಸಗಿಗೆ ಒಂದು ಕೆಲಸಕ್ಕೆ ಹೋಗಿ ಬರುವಾಗ ರೈಲಿಳಿಯುತ್ತಾ ಪೆಟ್ಟಿಗೆಯನ್ನು ದಡಕ್ಕನೆ ಇಟ್ಟವಳು ತಾನೇ. ಅದನ್ನು ಸಾವ್ಕಾರರೆದುರು ಮುಚ್ಚಿಡಲಿಲ್ಲ.

“ತಪ್ಪು ನಿಮ್ಮ ರೇಡಿಯೋದ್ದಲ್ಲ, ನನ್ನ ಪೆಟ್ಟಿಗಿದು. ಹೋದ ವಾರ ನಾನೇ ದಡಕ್ಕನ ಇಟ್ಟೆ, ಮುಳ್ಳು ಸರದೈತಿ. ಹೈದರಾಬಾದು ಶುರುವಾಗ್ಲಿ, ಎಷ್ಟು ಸರದೈತಿ ಅಂತ ಅದನ್ನೇ ಕೇಳ್ತೀನಿ.”

ಸಂಜೆ ಹೈದರಾಬಾದ್ ಕೇಂದ್ರ ಶುರುವಾಯಿತು. ಅದರ ಅಂಕಿ ಅವಳಿಗೆ ಬಾಯಿಪಾಠ. ಅಂಗಡಿಯ ಸ್ವಂತ ರೇಡಿಯೋದಲ್ಲಿ ಅದನ್ನು ಹಿಡಿದು, ಪೆಟ್ಟಿಗೆಯ ಸೀಟಿ ನಿಲ್ಲಿಸಿ ಬರೀ ಅಲೆ ಬಿಟ್ಟು, ಡಯಲನ್ನು ಇಷ್ಟಿಷ್ಟೇ ಸರಿಸಿದಳು. ಎರಡು ಅಲೆಗಳು ಹತ್ತಿರವಾದಂತೆ ಉರ್ದು ಮಾತಿನ ಮೇಲೆ ತೆಳ್ಳನೆಯ ಕೂಗೊಂದು ಎದ್ದಿತು. ಅದು ದಪ್ಪಗಾಯಿತು, ಗೊಗ್ಗರಾಯಿತು, ಕೊನೆಗೆ ಇಲ್ಲವಾಯಿತು. ಅಲೆಗಳೆರಡೂ ಒಂದಾದ ಜಾಗ ಅದು. ಆಗ ಮುಳ್ಳನ್ನು ನೋಡಿದರೆ, ಇರಬೇಕಾದ ಅಂಕಿಗಿಂತ ಎರಡು ಗೆರೆ ಮುಂದೆ ನಿಂತಿತ್ತು.

ಡಯಲು ಅಲುಗದಂತೆ ಎಡಗೈಯಲ್ಲಿ ಹಿಡಿದು, ಮುಳ್ಳಿನ ತಿರುಪು ಸಡಿಲಿಸಿ, ಸರಿಯಾದ ಅಂಕಿಗೆ ಕೂಡಿಸಿ ಬಿಗಿದಳು. ಮತ್ತೆ ೪೬೫, ಮತ್ತೆ ಸೊಳ್ಳೆಯಷ್ಟು ಸೀಟಿ, ಮತ್ತೆ ಒಂದೊಂದೇ ತಿರುಪು. ಸಾವ್ಕಾರರು ಈಗ ಬೆಂಚು ಬಿಟ್ಟು ಅವಳ ಮೇಜಿನ ಬಳಿಯೇ ನಿಂತಿದ್ದರು. ಅವಳು ರೇಡಿಯೋದ ಮುಳ್ಳನ್ನು ತಿರುಗಿಸಲು ಅವರಿಗೇ ಹೇಳಿದಳು. ಮದರಾಸು ಬರೆದಲ್ಲಿ ಮದರಾಸು. ಹೈದರಾಬಾದು ಬರೆದಲ್ಲಿ ಹೈದರಾಬಾದು.

ಅವರು ಬಹಳ ಹೊತ್ತು ಆಚೀಚೆ ತಿರುಗಿಸುತ್ತಲೇ ಇದ್ದರು. ಹೊರಡುವಾಗ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದರು.

“ನಮ್ಮ ಯಜಮಾನ್ರು ಕಲಿಸಿದ್ರು. ಮುಳ್ಳು ಸರದಿದ್ದು ಮಾತ್ರ ನಾನೇ ಕಂಡಿದ್ದು ರೀ.”

ನಾಲ್ಕು ದಿನ ಬಿಟ್ಟು ಬಂದ ಎರ್ರಿಸ್ವಾಮಿಗೆ ಸುದ್ದಿ ರೈಲ್ವೆ ಸ್ಟೇಷನ್ನಿನಲ್ಲೇ ಸಿಕ್ಕಿತು. ಅಂಗಡಿಗೆ ಬಂದವನು ಪೆಟ್ಟಿಗೆಯ ಮುಂದೆ ಬಗ್ಗಿ ಮುಳ್ಳನ್ನು ಎರಡು ಸಲ ನೋಡಿದ. ಆಮೇಲೆ ಮದರಾಸಿನಿಂದ ತಂದ ಹೆಡ್‌ಫೋನನ್ನು ಚೀಲದಿಂದ ತೆಗೆದು ಅವಳ ತಲೆಗೆ ಹಾಕಿದ.

ಮುಂದೆ ಇಪ್ಪತ್ತೈದು ವರ್ಷ ಆ ಮೇಜು ಅವಳದಾಯಿತು. ನಂದವರಂನಿಂದಲೂ ಬಂಡಿಯಲ್ಲಿ ರೇಡಿಯೋಗಳು ಬರುತ್ತಿದ್ದವು. ಎರ್ರಿಸ್ವಾಮಿ ಬೆಸುಗೆ ಹಾಕುತ್ತಿದ್ದ. ಬಂದವರಿಗೆ ಯಾವತ್ತು ಬರಬೇಕೆಂದು ಹೇಳುತ್ತಿದ್ದವಳು ಜಯಕ್ಕ, ಹೇಳಿದ ದಿನಕ್ಕೆ ರೇಡಿಯೋ ಹಾಡುತ್ತಿತ್ತು.