ಡಾಕ್ಟರಿಗೆ ಬೇಜಾರಾಗಬಾರದೆಂದು

ನನ್ನ ತಮ್ಮ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವನು. ಇಪ್ಪತ್ತೆರಡು ವರ್ಷದಿಂದ ಅದೇ ಮಬ್ಬುಗತ್ತಲ ಕೋಣೆ, ಅದೇ ಸ್ಟೂಲು. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತಾ, "ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಅದ್ರಲ್ಲಾ?" ಎಂದು ಕೇಳುತ್ತಾನೆ. ಎಷ್ಟೋ ಜನ ಸಂಕೋಚಕ್ಕೆ ತಲೆಯಾಡಿಸುತ್ತಾರೆ. ಅಂಥವರನ್ನು ಇವನು ಬಿಡುವುದಿಲ್ಲ. "ನನ್ನ ಮುಖ ನೋಡಿ ಹೇಳ್ಬೇಡಿ. ಮಸುಕಾಗಿದ್ರೆ ಮಸುಕು ಅನ್ನಿ, ನಂಗೇನೂ ಬೇಜಾರಿಲ್ಲ" ಎಂದು ಗದರುತ್ತಾನೆ.

ಇಂಥ ಬುದ್ಧಿವಂತ ತನ್ನ ವಿಷಯದಲ್ಲಿ ಮಾಡಿದ್ದೇನು ಕೇಳಿ. ಮೂರು ವರ್ಷದ ಹಿಂದೆ ನಮ್ಮ ಬೀದಿ ಕೊನೆಯ ಡಾಕ್ಟರು ಅವನಿಗೆ ಖಿನ್ನತೆ ಎಂದು ಹೇಳಿ ಒಂದು ಮಾತ್ರೆ ಬರೆದರು. ತಿಂಗಳಿಗೊಮ್ಮೆ ಹೋಗುತ್ತಿದ್ದ. ಹೇಗಿದ್ದೀರಿ ಎಂದರೆ ಪರವಾಗಿಲ್ಲ ಸರ್ ಎನ್ನುತ್ತಿದ್ದ. ಮತ್ತೆ ಅದೇ ಮಾತ್ರೆ. ಒಂದು ದಿನವೂ ತಪ್ಪಿಸದೆ ನುಂಗುತ್ತಾನೆಂದು ನಾನೋ ಕಂಡವರ ಮುಂದೆಲ್ಲ ಕೊಚ್ಚಿಕೊಂಡೆ.

ಮನೆಯಲ್ಲಿ ಮಾತ್ರ ಅವನು ದಿನದಿನಕ್ಕೆ ಕರಗುತ್ತಿದ್ದ. ಕೆಲಸದಿಂದ ಬಂದವನು ಶೂ ಕೂಡ ಬಿಚ್ಚದೆ ಮಂಚದ ತುದಿಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದ. ಸ್ನಾನಕ್ಕೆ ಏಳು ಎಂದು ಗೋಗರೆಯಬೇಕಿತ್ತು. ನಗಿಸಲು ನೋಡಿದೆ, ಬೈದೆ, ಅವನೆದುರೇ ಅತ್ತುಬಿಟ್ಟೆ. ಗೋಡೆಗೆ ಹೇಳಿದಂತಾಯಿತು. ಕಳೆದ ತಿಂಗಳು ಅಂಗಡಿಯ ಯಜಮಾನರು ಫೋನು ಮಾಡಿದರು. ಒಬ್ಬ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಕೈಯಲ್ಲಿ ಹಿಡಿದು, ಮುಂದೇನು ಮಾಡಬೇಕೆಂದು ತೋಚದೆ ನಿಂತೇ ಇದ್ದನಂತೆ.

ಅವತ್ತೇ ಹಿಡಿದು ಕೇಳಿದೆ. "ಡಾಕ್ಟ್ರ ಹತ್ರ ಯಾಕೋ ಹೇಳ್ಲಿಲ್ಲ?"

"ಪಾಪ, ಒಳ್ಳೆಯವರು ಕಣಕ್ಕ. ಔಷಧಿ ಕೆಲಸ ಮಾಡ್ತಿಲ್ಲ ಅಂದ್ರೆ ಬೇಜಾರು ಮಾಡ್ಕೋತಾರೆ."

ಮೈಯೆಲ್ಲ ಉರಿದುಹೋಯಿತು. "ನಿನ್ನ ಗಿರಾಕಿ ಹೀಗೆ ಮಾಡಿದ್ರೆ ಬಿಡ್ತಿದ್ಯಾ?"

ಅವನು ಮೆಲ್ಲಗೆ, "ಬೇರೆ ಔಷಧಿ ಕೊಟ್ಟು ಅದೂ ಆಗ್ಲಿಲ್ಲ ಅಂದ್ರೆ ಆಮೇಲೆ ಏನಿದೆ ಅಕ್ಕ?" ಎಂದ.

ಮಾರನೆಯ ದಿನ ಅವನ ಹಿಂದೆಯೇ ಡಾಕ್ಟರ ಕೋಣೆಯೊಳಗೆ ನುಗ್ಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಹಳೆಯ ಚೀಟಿಗಳನ್ನು ತಿರುವಿಹಾಕಿ, "ನಾನೂ ಇನ್ನೊಂದು ಮಾತು ಕೇಳಬೇಕಿತ್ತು" ಎಂದು ದೊಡ್ಡಾಸ್ಪತ್ರೆಯ ಮನೋವೈದ್ಯೆಗೆ ಕಾಗದ ಬರೆದುಕೊಟ್ಟರು.

ಆ ಹೆಣ್ಣುಮಗಳು ಒಂದು ಗಂಟೆ ಕೂರಿಸಿಕೊಂಡಳು. ನಿದ್ದೆ, ಊಟ, ಕೆಲಸ ಎಲ್ಲ ಕೇಳಿ, ಕೊನೆಗೆ, "ಸಾಯಬೇಕು ಅನ್ಸುತ್ತಾ?" ಎಂದಳು.

"ಛೆ, ನಮ್ಮ ಹುಡುಗ ಅಂಥವನಲ್ಲ" ಎಂದೆ ನಾನು.

ಅವಳು ನನ್ನತ್ತ ನೋಡಲೇ ಇಲ್ಲ. ತಮ್ಮ ನೆಲ ನೋಡುತ್ತಾ, "ದಿನಾ ಅನ್ಸುತ್ತೆ, ಎರಡು ವರ್ಷದಿಂದ" ಎಂದ.

ಎರಡು ವರ್ಷವೂ ಅವನಿಗೆ ದಿನಾ ಊಟ ಬಡಿಸಿದವಳು ನಾನು. ನನಗೆ ಗೊತ್ತಿರಲಿಲ್ಲ.

ಮಾತ್ರೆ ಬದಲಾಯಿತು. ವಾರಕ್ಕೊಮ್ಮೆ ಕೂತು ಮಾತಾಡಿಸಲು ಆಪ್ತಸಲಹೆಗಾರರೊಬ್ಬರನ್ನು ಗೊತ್ತುಮಾಡಿದರು. ಯಾವ ಹೊತ್ತಿನಲ್ಲಾದರೂ ಫೋನು ಮಾಡಿ ಎಂದು ನಂಬರು ಕೊಟ್ಟರು. ಆರು ವಾರ ಹಿಡಿಯಬಹುದು, ಇದಾಗದಿದ್ದರೆ ಬೇರೆ ದಾರಿಗಳಿವೆ ಎಂದರು. ಈಗ ನಾಲ್ಕನೆಯ ವಾರ. ಏನೂ ಬದಲಾಗಿಲ್ಲ. ಒಮ್ಮೊಮ್ಮೆ ನನಗೇ ನಂಬಿಕೆ ಹೋಗುತ್ತದೆ.

ನಿನ್ನೆ ಸಂಜೆ ಪಾತ್ರೆ ತೊಳೆಯುತ್ತಿದ್ದೆ. ಅವನೇ ಬಂದು ಬಾಗಿಲಲ್ಲಿ ನಿಂತ. "ಅಕ್ಕ, ಇವತ್ತು ತುಂಬಾ ಜಾಸ್ತಿ ಅನ್ಸ್ತಿದೆ" ಎಂದ. ಒದ್ದೆ ಕೈಯಲ್ಲೇ ಆ ನಂಬರು ಒತ್ತಿದೆ. ಅತ್ತ ಕಡೆಯವರು ಎತ್ತುವವರೆಗೂ ನನ್ನ ಇನ್ನೊಂದು ಕೈ ಹಿಡಿದುಕೊಂಡೇ ನಿಂತಿದ್ದ, ನಲವತ್ತಾರು ವರ್ಷದ ನನ್ನ ತಮ್ಮ.